ಮೇಷ್ಟ್ರನ್ನು ತರಗತಿಗೆ ಬಿಟ್ಟುಕೊಡಿ

(ಕೋಲಾರ ಜಿಲ್ಲೆಯ ಗಡಿ ತಾಲ್ಲೂಕೊಂದರಲ್ಲಿ ರಾಜ್ಯೋತ್ಸವದ ಅಂಗವಾಗಿ ನಡೆದ ಕನ್ನಡ ಕಾರ್ಯಕರ್ತರ ಸಭೆಯಲ್ಲಿ ಸ್ಥಳೀಯ ಮುದ್ರಣಾಲಯದ ಮಾಲೀಕರು ಮಾಡಿದ ಭಾಷಣದ ಪೂರ್ಣ ಪಾಠ)



ಸಂಘಟಕರು ನನಗೆ ಕೊಟ್ಟ ವಿಷಯ ‘ಗಡಿನಾಡಿನಲ್ಲಿ ಕನ್ನಡ’. ದೊಡ್ಡ ವಿಷಯ. ಇದರ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡುವವರು ಈ ವೇದಿಕೆಯಲ್ಲೇ ಇದ್ದಾರೆ. ನಾನು ಪಿಯುಸಿ ಓದಿ ಪ್ರೆಸ್ಸು ನಡೆಸುವವನು. ಆದುದರಿಂದ ನಾನು ಗಡಿಯ ಬಗ್ಗೆ ಮಾತಾಡದೆ, ಗಡಿ ಕಾಯುವ ಒಬ್ಬ ಮನುಷ್ಯನ ಬಗ್ಗೆ ಮಾತಾಡುತ್ತೇನೆ. ಅವನ ಕೈಯಲ್ಲಿ ಬಂದೂಕಿಲ್ಲ, ಬಾವುಟವೂ ಇಲ್ಲ. ಇರುವುದು ಒಂದು ಸೀಮೆಸುಣ್ಣದ ತುಂಡು. ಅವನೇ ನಮ್ಮ ಸರ್ಕಾರಿ ಕನ್ನಡ ಶಾಲೆಯ ಮೇಷ್ಟ್ರು.

ನಮ್ಮ ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿ ಕಡೆಯ ಸ್ಥಿತಿ ನಿಮಗೆಲ್ಲ ಗೊತ್ತು. ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಮಗು ಅನ್ನಕ್ಕೆ ‘ಬುವ್ವ’ ಎನ್ನುತ್ತದೆ, ನೀರಿಗೆ ‘ನೀಳ್ಳು’ ಎನ್ನುತ್ತದೆ. ಟಿವಿಯಲ್ಲಿ ತೆಲುಗು, ಮೊಬೈಲಿನಲ್ಲಿ ತೆಲುಗು, ಸಂತೆಯಲ್ಲಿ ತೆಲುಗು. ಅದರಲ್ಲಿ ತಪ್ಪೇನೂ ಇಲ್ಲ, ಅದು ಆ ಮಗುವಿನ ತಾಯಿಯ ಮಾತು. ಆದರೆ ಆ ಮಗುವಿನ ಬಾಯಿಗೆ ಕನ್ನಡ ಬರುವುದೆಲ್ಲಿಂದ? ಅಂಗಡಿಯ ಬೋರ್ಡಿನಿಂದಲೆ? ನಾವು ನವೆಂಬರ್ ಒಂದರಂದು ಹಚ್ಚುವ ಧ್ವನಿವರ್ಧಕದಿಂದಲೆ? ಅಲ್ಲ. ಆರು ವರ್ಷದ ಆ ಕೂಸಿನ ಕೈ ಹಿಡಿದು ‘ರ, ಗ, ಸ, ದ’ ತಿದ್ದಿಸುವ ಅಯ್ಯವಾರಿನಿಂದ ಮಾತ್ರ!

ಮನೆಮಾತು ಬೇರೆಯಾದವರೇ ಕನ್ನಡವನ್ನು ಕಟ್ಟಿದ್ದಾರೆ. ನಮ್ಮ ಜಿಲ್ಲೆಯ ಮಾಸ್ತಿಯವರ ಮನೆಮಾತು ತಮಿಳು, ಜನ ಅವರನ್ನು ಕನ್ನಡದ ಆಸ್ತಿ ಎಂದರು. ಬೇಂದ್ರೆಯವರ ಮನೆಮಾತು ಮರಾಠಿ, ಅವರು ಧಾರವಾಡದಲ್ಲಿ ಶಾಲಾ ಮಾಸ್ತರರಾಗಿದ್ದವರು. 1956ರಲ್ಲಿ ಕಾಸರಗೋಡು ಕೇರಳದ ಪಾಲಾದಾಗ ಅಲ್ಲಿ ಕನ್ನಡದ ದನಿಯಾಗಿ ನಿಂತ ಕಯ್ಯಾರ ಕಿಞ್ಞಣ್ಣ ರೈಗಳೂ ಪೆರಡಾಲದ ಶಾಲೆಯಲ್ಲಿ ಮೇಷ್ಟ್ರಾಗಿದ್ದವರೆ. 2015ರಲ್ಲಿ ನೂರು ತುಂಬಿಸಿ ಅವರು ತೀರಿಕೊಂಡರು. ಕನ್ನಡದ ಇತಿಹಾಸದಲ್ಲಿ ಮೇಷ್ಟ್ರುಗಳ ಹೆಸರು ತೆಗೆದುಹಾಕಿದರೆ ಉಳಿಯುವುದು ಬರೀ ರಟ್ಟು.

ಇಂಥ ಮೇಷ್ಟ್ರು ಇವತ್ತು ಎಲ್ಲಿದ್ದಾರೆ? ತರಗತಿಯಲ್ಲಿ ಇಲ್ಲ ಬಂಧುಗಳೆ. ಇದ್ದರೂ ಅವರ ಮನಸ್ಸು ಅಲ್ಲಿಲ್ಲ. ಅವರನ್ನು ಅಲ್ಲಿರಲು ನಾವು ಬಿಟ್ಟಿಲ್ಲ. ಇಷ್ಟೇ ನನ್ನ ಭಾಷಣದ ಸಾರ. ಇನ್ನು ಅದರ ವಿವರ ಹೇಳುತ್ತೇನೆ.

ಐದು ತರಗತಿ, ಇಬ್ಬರು ಮೇಷ್ಟ್ರು

ಮೊದಲು ಶಾಲೆಯ ಒಳಗೆ ಹೋಗೋಣ. ನಮ್ಮ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆ ಎಂದರೆ ಒಂದರಿಂದ ಐದನೆ ತರಗತಿ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಅನುಸೂಚಿಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಪ್ರತ್ಯೇಕ ಮುಖ್ಯೋಪಾಧ್ಯಾಯರು ಬೇಕೆಂದರೆ 150 ಮಕ್ಕಳು ದಾಟಬೇಕು. ಅಂದರೆ ತರಗತಿ ಐದು, ಮೇಷ್ಟ್ರು ಇಬ್ಬರು. ಆ ಇಬ್ಬರಲ್ಲಿ ಒಬ್ಬರು ಪ್ರಭಾರ ಮುಖ್ಯ ಶಿಕ್ಷಕರು. ಶಾಲೆಗೆ ಗುಮಾಸ್ತರಿಲ್ಲ, ಜವಾನರಿಲ್ಲ. ಕಾಗದ ಪತ್ರ, ಬ್ಯಾಂಕು, ಸಭೆ, ಬಿ.ಇ.ಓ. ಕಚೇರಿ ಎಲ್ಲವೂ ಆ ಪ್ರಭಾರದ ತಲೆಯ ಮೇಲೆ. ಅವರು ಹೊರಗೆ ಹೋದ ದಿನ ಐದೂ ತರಗತಿಗೆ ಒಬ್ಬರೆ.

ಇದು ಕಾನೂನು ಪಾಲಿಸಿದ ಶಾಲೆಯ ಕಥೆ. ಇಡೀ ಶಾಲೆಗೆ ಒಬ್ಬರೇ ಮೇಷ್ಟ್ರಿರುವ ಶಾಲೆಗಳು 2024-25ರ ಲೆಕ್ಕದಲ್ಲಿ ನಮ್ಮ ರಾಜ್ಯದಲ್ಲಿ 7 ಸಾವಿರಕ್ಕೂ ಹೆಚ್ಚು. ಅದೇ ಕಾಯ್ದೆ ಒಂದರಿಂದ ಐದನೆ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಆಗಬೇಕು ಎನ್ನುತ್ತದೆ. ನಾನು ಗಣಿತದಲ್ಲಿ ದಡ್ಡ, ಆದರೂ ಭಾಗಾಕಾರ ಬರುತ್ತದೆ. ಒಬ್ಬ ಮೇಷ್ಟ್ರ 800 ಗಂಟೆಯನ್ನು ಐದು ತರಗತಿಗೆ ಹಂಚಿದರೆ ಒಂದು ತರಗತಿಗೆ ಸಿಗುವುದು 160 ಗಂಟೆ. ಅದರಲ್ಲೇ ಕನ್ನಡ, ಅದರಲ್ಲೇ ಗಣಿತ, ಅದರಲ್ಲೇ ಪರಿಸರ, ಅದರಲ್ಲೇ ಇಂಗ್ಲಿಷು. ಒಂದು ಕಡೆ ಮೂರನೆ ತರಗತಿಗೆ ಗುಣಾಕಾರ ಹೇಳುವಾಗ ಇನ್ನೊಂದು ಕಡೆ ಒಂದನೆ ತರಗತಿಯ ಮಗು ಸ್ಲೇಟು ಒಡೆದು ಅಳುತ್ತಿರುತ್ತದೆ. ಅದನ್ನು ಎತ್ತಿಕೊಂಡು ಬರುವಷ್ಟರಲ್ಲಿ ಗುಣಾಕಾರ ಗಾಳಿಗೆ ಹೋಯಿತು.

ಚಿಕ್ಕ ಮಕ್ಕಳನ್ನು ಒಟ್ಟಿಗೆ ಕೂರಿಸಿ ಆಟದ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿತು. ಅದನ್ನು ಬೆಳೆಸಿದವರು ಅಲ್ಲಿನ ಮೇಷ್ಟ್ರುಗಳೆ. ಒಳ್ಳೆಯ ಪದ್ಧತಿ. ಆದರೆ ಅದಕ್ಕೆ ಬೇಕಾದದ್ದು ಪೂರ್ತಿ ಹೊತ್ತು ಮಕ್ಕಳ ನಡುವೆ ನೆಲದ ಮೇಲೆ ಕೂರುವ ಒಬ್ಬ ಟೀಚರು. ಫೋನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಲ್ಲುವ ಟೀಚರಲ್ಲ.

ಇನ್ನು ನಮ್ಮ ಗಡಿಯ ಕಷ್ಟ ಬೇರೆ. ಬೆಂಗಳೂರಿನ ಬಸವನಗುಡಿಗೂ ನಮ್ಮ ಆಂಧ್ರದ ಅಂಚಿನ ಹಳ್ಳಿಗೂ ಒಂದೇ ಪುಸ್ತಕ. ಅಲ್ಲಿಯ ಮಗುವಿಗೆ ಕನ್ನಡ ಹೊಟ್ಟೆಯಿಂದಲೇ ಬಂದಿರುತ್ತದೆ. ಇಲ್ಲಿಯ ಮಗುವಿಗೆ ಮೊದಲು ಕನ್ನಡ ಕಿವಿಗೆ ಬೀಳಬೇಕು, ಆಮೇಲೆ ನಾಲಗೆಗೆ, ಆಮೇಲೆ ಕೈಗೆ. ಅದಕ್ಕೆ ಮೇಷ್ಟ್ರು ತೆಲುಗಿನಲ್ಲಿ ಮಾತಾಡಿಸಿ ಕನ್ನಡಕ್ಕೆ ಕರೆತರಬೇಕು. ಅಂಥ ಆರು ತಿಂಗಳು ಪುಸ್ತಕದಲ್ಲಿ ಲೆಕ್ಕಕ್ಕಿಲ್ಲ. ಜೊತೆಗೆ ಟೊಮೆಟೊ ಕೀಳುವ ದಿನ ಮಕ್ಕಳಿಲ್ಲ, ರೇಷ್ಮೆಹುಳು ಹಣ್ಣಾದ ದಿನ ಮಕ್ಕಳಿಲ್ಲ, ಜಾತ್ರೆಯ ವಾರ ಮಕ್ಕಳಿಲ್ಲ. ಬಂದ ದಿನ ಮೊದಲಿನದು ಮರೆತಿರುತ್ತದೆ. ವರ್ಷ ಕಳೆದ ಮೇಲೆ ಅಧಿಕಾರಿಗಳು ಬಂದು, ‘ನಾಲ್ಕನೆ ತರಗತಿಯ ಹುಡುಗನಿಗೆ ಒತ್ತಕ್ಷರ ಬರುವುದಿಲ್ಲವಲ್ಲ, ಏನು ಮಾಡುತ್ತಿದ್ದಿರಿ?’ ಎಂದು ಮಕ್ಕಳ ಎದುರಿಗೇ ಕೇಳುತ್ತಾರೆ. ಮಕ್ಕಳ ಎದುರಿಗೆ ಮೇಷ್ಟ್ರ ಮರ್ಯಾದೆ ತೆಗೆದ ಮೇಲೆ ಆ ತರಗತಿಯಲ್ಲಿ ಅವರ ಮಾತಿಗೆ ಬೆಲೆ ಏನು ಉಳಿಯುತ್ತದೆ?

ಪರೀಕ್ಷೆಯ ಗೊಂದಲವನ್ನೂ ನೋಡಿದ್ದೀರಿ. 2024ರ ಮಾರ್ಚಿಯಲ್ಲಿ ಐದು, ಎಂಟು, ಒಂಬತ್ತನೆ ತರಗತಿಗಳಿಗೆ ಬೋರ್ಡಿನ ಮಟ್ಟದ ಪರೀಕ್ಷೆ ಶುರುವಾಯಿತು. ನಡುವೆ ಸುಪ್ರೀಂ ಕೋರ್ಟಿನಲ್ಲಿ ನಿಂತಿತು. ಮತ್ತೆ ಹೈಕೋರ್ಟಿನ ತೀರ್ಪಿನಿಂದ ನಡೆಯಿತು. ಕೊನೆಗೆ ಏಪ್ರಿಲ್‌ನಲ್ಲಿ ಫಲಿತಾಂಶಕ್ಕೇ ತಡೆ ಬಂತು. ಹತ್ತು ವರ್ಷದ ಮಗು ‘ಸಾರ್, ನಾಳೆ ಪರೀಕ್ಷೆ ಇದೆಯಾ ಇಲ್ಲವಾ?’ ಎಂದು ಕೇಳಿದರೆ ಉತ್ತರ ಹೇಳಬೇಕಾದವರು ವಿಧಾನಸೌಧದವರಲ್ಲ, ಎದುರಿಗೆ ನಿಂತ ಮೇಷ್ಟ್ರು.

ಅಡುಗೆಮನೆ, ಗೋದಾಮು, ಕಚೇರಿ

ಬಿಸಿಯೂಟದ ವಿಚಾರ. ಅಕ್ಷರ ದಾಸೋಹ 2002ರಲ್ಲಿ ಉತ್ತರ ಕರ್ನಾಟಕದ 7 ಜಿಲ್ಲೆಗಳಲ್ಲಿ ಆರಂಭವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಬಂತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಕಡೆ ಶುರುವಾದ ಮೊಟ್ಟೆ ಇಡೀ ರಾಜ್ಯಕ್ಕೆ ಬಂದು, 2024ರಲ್ಲಿ ವಾರಕ್ಕೆ ಆರು ದಿನವಾಯಿತು. ಹಸಿದ ಮಗುವಿಗೆ ಅಕ್ಷರ ಹತ್ತುವುದಿಲ್ಲ. ಈ ಯೋಜನೆಗಳನ್ನು ಯಾರಾದರೂ ಬೇಡವೆಂದರೆ ನಾನೇ ಅವರ ವಿರುದ್ಧ ಕರಪತ್ರ ಅಚ್ಚು ಹಾಕುತ್ತೇನೆ, ಪುಕ್ಕಟೆಯಾಗಿ!

ಆದರೆ ಲೆಕ್ಕ ಬರೆಯುವವರು ಯಾರು? ಅಕ್ಕಿ ಎಷ್ಟು ಬಂತು, ಬೇಳೆ ಎಷ್ಟು ಖರ್ಚಾಯಿತು, ಎಣ್ಣೆ ಎಷ್ಟು ಉಳಿಯಿತು, ಗ್ಯಾಸು ಯಾವಾಗ ಮುಗಿಯಿತು? ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿ, 150 ಮಿಲಿಲೀಟರ್ ಹಾಲು. ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣಿನವರೆಷ್ಟು? ಮೊಟ್ಟೆಗೆ ಸರ್ಕಾರ ಕಟ್ಟಿದ ದರ 6 ರೂಪಾಯಿ. ಸಾಗಿಸುವುದು, ಬೇಯಿಸುವುದು, ಸುಲಿಯುವುದು ಅದರೊಳಗೇ. ಪೇಟೆಯಲ್ಲಿ ಮೊಟ್ಟೆಯ ಬೆಲೆ ಏರಿದಾಗ ಕೋಳಿ ಸರ್ಕಾರದ ಆದೇಶ ಕೇಳುತ್ತದೆಯೆ? ಮೇಲಿನ ಕಾಸು ಹೋದದ್ದು ಮೇಷ್ಟ್ರ ಜೇಬಿನಿಂದ. ಕಾಸಿಗಿಂತ ಹೆಚ್ಚಾಗಿ ಅವರನ್ನು ತಿನ್ನುವುದು ಭಯ. ಅನ್ನದಲ್ಲಿ ಒಂದು ಹಲ್ಲಿ ಬಿದ್ದರೆ ಮೊದಲು ಅಮಾನತಾಗುವವರು ಮುಖ್ಯೋಪಾಧ್ಯಾಯರು. ಪಾಠ ಮಾಡುವಾಗಲೂ ಅವರ ಒಂದು ಕಣ್ಣು ಒಲೆಯ ಕಡೆಗೆ.

ಶೌಚಾಲಯದ ಮಾತು ಯಾರೂ ವೇದಿಕೆಯಲ್ಲಿ ಆಡುವುದಿಲ್ಲ, ನಾನು ಆಡುತ್ತೇನೆ. ಮಕ್ಕಳ ಕೈಯಲ್ಲಿ ಶೌಚಾಲಯ ತೊಳೆಸುವುದು ಅಪರಾಧ. ಹಾಗೆ ಮಾಡಿದವರಿಗೆ ಶಿಕ್ಷೆಯಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ವಾಮಿ, ನಮ್ಮ ಹಳ್ಳಿಯ ಶಾಲೆಗಳಲ್ಲಿ ತೊಳೆಯಲು ಒಬ್ಬ ನೌಕರನನ್ನೂ ನೇಮಿಸದ ಸರ್ಕಾರಕ್ಕೆ ಯಾವ ಶಿಕ್ಷೆ? ನನಗೆ ಗೊತ್ತಿರುವ ಟೀಚರಮ್ಮ ಒಬ್ಬರು ಬೆಳಿಗ್ಗೆ ಮಕ್ಕಳು ಬರುವ ಮೊದಲೇ ಶಾಲೆಗೆ ಹೋಗಿ ತಾವೇ ಬಕೆಟ್ಟು ಹಿಡಿಯುತ್ತಾರೆ. ಹೆಣ್ಣುಮಕ್ಕಳು ಶಾಲೆ ಬಿಡಬಾರದಲ್ಲ ಎನ್ನುತ್ತಾರೆ. ಅವರಿಗೆ ಯಾವ ಪ್ರಶಸ್ತಿಯೂ ಬಂದಿಲ್ಲ.

ಈಗ ಎಲ್ಲಕ್ಕಿಂತ ದೊಡ್ಡ ಪೀಡೆ ಜೇಬಿನಲ್ಲಿರುವ ಮೊಬೈಲು. ಹಿಂದೆ ನನ್ನ ಪ್ರೆಸ್ಸಿನಲ್ಲಿ ಹಾಜರಿ ಪುಸ್ತಕ, ದಾಖಲಾತಿ ಪುಸ್ತಕ, ದಾಸ್ತಾನು ಪುಸ್ತಕ ಅಚ್ಚಾಗುತ್ತಿದ್ದವು. ಗಣಕಯಂತ್ರ ಬಂದ ಮೇಲೆ ಇವೆಲ್ಲ ನಿಂತುಹೋಗುತ್ತವೆ ಎಂದರು. ನಿಲ್ಲಲಿಲ್ಲ! ಪುಸ್ತಕದಲ್ಲೂ ಬರೆಯಬೇಕು, ಸ್ಯಾಟ್ಸ್‌ನಲ್ಲೂ ತುಂಬಬೇಕು, ಯು-ಡೈಸ್‌ನಲ್ಲೂ ತುಂಬಬೇಕು, ಆಮೇಲೆ ಅದನ್ನೇ ವಾಟ್ಸಾಪ್ ಗುಂಪಿನಲ್ಲೂ ಹಾಕಬೇಕು. ‘ತುರ್ತು, ಇಂದೇ ಸಂಜೆ ನಾಲ್ಕರೊಳಗೆ’ ಎಂದು ಮಧ್ಯಾಹ್ನ ಎರಡಕ್ಕೆ ಸಂದೇಶ. ಮಗುವಿನ ಆಧಾರಿನಲ್ಲಿ ಒಂದು ಹೆಸರು, ಶಾಲೆಯ ಪುಸ್ತಕದಲ್ಲಿ ಇನ್ನೊಂದು ಹೆಸರು, ತಂದೆಯ ಜಾತಿ ಪ್ರಮಾಣಪತ್ರದಲ್ಲಿ ಮತ್ತೊಂದು. ಸರಿಪಡಿಸುವವರೆಗೆ ವಿದ್ಯಾರ್ಥಿವೇತನ ಇಲ್ಲ. ಊರಿನಲ್ಲಿ ನೆಟ್‌ವರ್ಕ್ ಇಲ್ಲ. ಗಿಡದ ಕೆಳಗೆ, ನೀರಿನ ಟ್ಯಾಂಕಿನ ಮೇಲೆ ನಿಂತು ಸಿಗ್ನಲ್ಲು ಹುಡುಕುವ ಮೇಷ್ಟ್ರನ್ನು ನೋಡಿ ಊರಿನವರು ಹೇಳುವುದೇನು? ‘ನೋಡಪ್ಪ, ಪಾಠ ಬಿಟ್ಟು ಫೋನಿನಲ್ಲಿ ಆಟ ಆಡುತ್ತಿದ್ದಾನೆ.’ ಮೂಗಿಗಿಂತ ಮೂಗುತಿ ಭಾರವಾಗಿದೆ ಬಂಧುಗಳೆ. ಪಾಠಕ್ಕಿಂತ ಪಾಠದ ವರದಿ ದೊಡ್ಡದಾಗಿದೆ.

ಊರ ಕೆಲಸಕ್ಕೆಲ್ಲ ಒಬ್ಬನೇ ಆಳು

ಇನ್ನು ಶಾಲೆಯ ಹೊರಗೆ. ಮತದಾರರ ಪಟ್ಟಿ ತಿದ್ದಬೇಕೆ? ಮೇಷ್ಟ್ರು. ಚುನಾವಣೆಗೆ ಮತಪೆಟ್ಟಿಗೆ ಹೊರಬೇಕೆ? ಮೇಷ್ಟ್ರು. ದನದ ಲೆಕ್ಕ ಒಂದನ್ನು ಪಶುವೈದ್ಯ ಇಲಾಖೆಯವರೇ ಮಾಡುತ್ತಾರೆ, ಅಷ್ಟರಮಟ್ಟಿಗೆ ದನಗಳು ಪುಣ್ಯ ಮಾಡಿವೆ.

2015ರ ಏಪ್ರಿಲ್, ಮೇ ತಿಂಗಳಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಡೆಯಿತು. ಬೇಸಿಗೆಯ ಬಿಸಿಲಿನಲ್ಲಿ ಮನೆಮನೆ ತಿರುಗಿದವರು ಮೇಷ್ಟ್ರುಗಳು. ಹತ್ತು ವರ್ಷ ಕಳೆದು 2025ರ ಸೆಪ್ಟೆಂಬರ್ 22ರಿಂದ ಮತ್ತೊಮ್ಮೆ ಸಮೀಕ್ಷೆ. 60 ಪ್ರಶ್ನೆ, ಮೊಬೈಲಿನ ಆ್ಯಪು. ಸರ್ವರ್ ಇಲ್ಲ, ಓಟಿಪಿ ಬರುವುದಿಲ್ಲ, ಮನೆಯ ಯಜಮಾನ ತೋಟದಲ್ಲಿ, ನಾಯಿ ಬಾಗಿಲಲ್ಲಿ. ದಸರಾ ರಜೆಯಲ್ಲಿ ಮುಗಿಯಲಿಲ್ಲ. ಆದುದರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ನಾನು ಸಮೀಕ್ಷೆ ಬೇಡ ಎನ್ನುತ್ತಿಲ್ಲ. ಬಡವರ ಲೆಕ್ಕ ಸರ್ಕಾರಕ್ಕೆ ಗೊತ್ತಾಗಲಿ. ಆದರೆ ಆ ದಿನಗಳಲ್ಲಿ ನೀವು ಬೀದಿಯಲ್ಲಿ ಒಂದು ನೋಟ ಕಂಡಿರಾ? ಖಾಸಗಿ ಇಂಗ್ಲಿಷ್ ಶಾಲೆಯ ಹಳದಿ ಬಸ್ಸು ಎಂದಿನಂತೆ ಬಂತು, ಎಂದಿನಂತೆ ಹೋಯಿತು. ಕನ್ನಡ ಶಾಲೆಯ ಬಾಗಿಲಿಗೆ ಮಾತ್ರ ಬೀಗ. ಯಾವ ಬಡವರ ಲೆಕ್ಕಕ್ಕಾಗಿ ಸಮೀಕ್ಷೆ ನಡೆಯಿತೋ ಅದೇ ಬಡವರ ಮಕ್ಕಳ ಪಾಠ ಹೋಯಿತು. ಇದನ್ನು ಕಂಡ ತಾಯಿ ಮುಂದಿನ ಜೂನ್‌ನಲ್ಲಿ ಮಗುವನ್ನು ಯಾವ ಶಾಲೆಗೆ ಕಳಿಸುತ್ತಾಳೆ? ಹೇಳಿ!

ಕಾನೂನು ಇಲ್ಲವೆ? ಇದೆ. ಶಿಕ್ಷಣ ಹಕ್ಕು ಕಾಯ್ದೆಯ 27ನೆ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರು ಬಿಟ್ಟು ಬೇರೆ ಯಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ಹಾಕಬಾರದು. ಚುನಾವಣೆ ಕೆಲಸವನ್ನು ಕೂಡ ಪಾಠದ ದಿನಗಳಲ್ಲಿ, ಪಾಠದ ವೇಳೆಯಲ್ಲಿ ಮಾಡಿಸಬೇಡಿ ಎಂದು 2007ರ ಡಿಸೆಂಬರಿನಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಕಾಗದದ ಮೇಲಿನ ಕನ್ನಡ ಮೇಷ್ಟ್ರಿಗೆ ರಕ್ಷಣೆ ಇದೆ. ನೆಲದ ಮೇಲಿನ ಮೇಷ್ಟ್ರಿಗೆ ನೋಟೀಸು ಇದೆ.

ಮಕ್ಕಳನ್ನು ಬೇಡುವ ಮೇಷ್ಟ್ರು

ಪ್ರತಿ ವರ್ಷ ಮೇ ತಿಂಗಳಲ್ಲಿ ನನ್ನ ಪ್ರೆಸ್ಸಿಗೆ ಹಳ್ಳಿ ಶಾಲೆಗಳ ಮೇಷ್ಟ್ರುಗಳು ಬರುತ್ತಾರೆ. ಕರಪತ್ರ ಬೇಕು, 500 ಪ್ರತಿ. ‘ನಮ್ಮ ಶಾಲೆಯಲ್ಲಿ ಉಚಿತ ಪುಸ್ತಕ, ಉಚಿತ ಸಮವಸ್ತ್ರ, ಬಿಸಿಯೂಟ, ಹಾಲು, ಮೊಟ್ಟೆ, ತರಬೇತಿ ಪಡೆದ ಶಿಕ್ಷಕರು. ನಿಮ್ಮ ಮಗುವನ್ನು ಸೇರಿಸಿರಿ.’ ದುಡ್ಡು ಯಾರು ಕೊಡುತ್ತಾರೆ ಎಂದರೆ, ‘ಇಬ್ಬರು ಸೇರಿ ಹಾಕಿಕೊಂಡಿದ್ದೇವೆ’ ಎನ್ನುತ್ತಾರೆ. ಆ ಕರಪತ್ರ ಹಿಡಿದು ಮನೆಮನೆ ಬಾಗಿಲು ತಟ್ಟುತ್ತಾರೆ. ಒಂದು ಮನೆಯಲ್ಲಿ ಆಗಲಿ ಎನ್ನುತ್ತಾರೆ. ಇನ್ನೊಂದು ಮನೆಯಲ್ಲಿ, ‘ನಿಮ್ಮ ಮಗು ಯಾವ ಸ್ಕೂಲಿನಲ್ಲಿ ಓದುತ್ತದೆ ಸಾರ್?’ ಎಂದು ಕೇಳಿ ಬಾಯಿ ಮುಚ್ಚಿಸುತ್ತಾರೆ.

ಯಾಕೆ ಹೀಗೆ ಬೇಡಬೇಕು? ಮಕ್ಕಳ ಸಂಖ್ಯೆ ಇಳಿದರೆ ಮೇಷ್ಟ್ರು ‘ಹೆಚ್ಚುವರಿ’ ಆಗುತ್ತಾರೆ. ಹೆಚ್ಚುವರಿ ಎಂದರೆ ಬೇರೆ ಊರಿಗೆ ಎತ್ತಂಗಡಿ. ಮೇಷ್ಟ್ರು ಒಬ್ಬರಾದರೆ ಇರುವ ಮಕ್ಕಳೂ ಹೋಗುತ್ತವೆ. ಮಕ್ಕಳು ಹೋದರೆ ‘ಶೂನ್ಯ ದಾಖಲಾತಿ’, ಆಮೇಲೆ ಬೀಗ. ಒಂದು ಸಲ ಬಿದ್ದ ಬೀಗ ಮತ್ತೆ ತೆಗೆದದ್ದನ್ನು ನಾನಂತೂ ನೋಡಿಲ್ಲ. ಆ ಕಟ್ಟಡದಲ್ಲಿ ಮೊದಲು ಮೇಕೆ ಕಟ್ಟುತ್ತಾರೆ, ಆಮೇಲೆ ಇಸ್ಪೀಟು.

ಕಾನೂನಿನ ಕಡೆಯಿಂದಲೂ ನಾವು ಸೋತಿದ್ದೇವೆ. 1981ರಲ್ಲಿ ಗೋಕಾಕ್ ವರದಿ ಬಂತು. 1982ರಲ್ಲಿ ಡಾ. ರಾಜ್‌ಕುಮಾರ್ ಬೀದಿಗಿಳಿದರು, ನಾಡು ಎದ್ದು ನಿಂತಿತು. ಒಂದರಿಂದ ನಾಲ್ಕನೆ ತರಗತಿಯವರೆಗೆ ಮಾತೃಭಾಷೆ ಇಲ್ಲವೆ ಕನ್ನಡದಲ್ಲೇ ಪಾಠ ಎಂದು 1994ರ ಏಪ್ರಿಲ್‌ನಲ್ಲಿ ಆದೇಶ ಬಂತು. ಖಾಸಗಿ ಶಾಲೆಗಳಿಗೆ ಇದು ಅನ್ವಯಿಸದು ಎಂದು 2008ರಲ್ಲಿ ಹೈಕೋರ್ಟು ಹೇಳಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವೂ, ಮಾಧ್ಯಮ ಆರಿಸುವುದು ತಂದೆತಾಯಿಗೆ ಬಿಟ್ಟದ್ದು, ಸರ್ಕಾರ ಹೇರುವಂತಿಲ್ಲ ಎಂದಿತು. 2015ರಲ್ಲಿ ಕನ್ನಡ ಕಲಿಕೆ ಕಾಯ್ದೆ ಬಂತು. ಆದರೆ ಅದು ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಿ ಎನ್ನುತ್ತದೆಯೆ ಹೊರತು ಕನ್ನಡದಲ್ಲಿ ಕಲಿಸಿ ಎನ್ನುವುದಿಲ್ಲ. 2019-20ರಲ್ಲಿ ಸರ್ಕಾರವೇ ತನ್ನ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ನಿನ್ನೆಯವರೆಗೆ ಕನ್ನಡದಲ್ಲಿ ಪಾಠ ಮಾಡುತ್ತಿದ್ದ ಅದೇ ಟೀಚರಿಗೆ ಕೆಲವು ದಿನದ ತರಬೇತಿ ಕೊಟ್ಟು ‘ಇನ್ನು ಇಂಗ್ಲಿಷಿನಲ್ಲಿ ಹೇಳು’ ಎಂದರು.

ಹೀಗೆ ಕಾನೂನಿನ ಬಾಗಿಲು ಮುಚ್ಚಿದ ಮೇಲೆ ಕನ್ನಡ ಶಾಲೆಗೆ ಉಳಿದಿರುವುದು ಒಂದೇ ದಾರಿ. ತಾಯಿತಂದೆ ತಾವಾಗಿ ಒಪ್ಪಿ ಮಗುವನ್ನು ಕಳಿಸುವಷ್ಟು ಆ ಶಾಲೆ ಚೆನ್ನಾಗಿರಬೇಕು. ಶಾಲೆ ಚೆನ್ನಾಗಿರುವುದೆಂದರೆ ಬಣ್ಣ ಬಳಿದ ಗೋಡೆಯಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಮೇಷ್ಟ್ರು ಮಕ್ಕಳ ಜೊತೆಗಿರುವುದು. ಅಷ್ಟೆ.

ನಮ್ಮವರಿಗೆ ಎರಡು ಮಾತು

ಈಗ ಸ್ವಲ್ಪ ಖಾರದ ಮಾತು, ಕೋಪ ಮಾಡಿಕೊಳ್ಳಬೇಡಿ. ಅಕ್ಟೋಬರಿನಲ್ಲಿ ರಾಜ್ಯೋತ್ಸವದ ರಸೀದಿ ಪುಸ್ತಕಗಳು ನನ್ನ ಪ್ರೆಸ್ಸಿನಲ್ಲೇ ಅಚ್ಚಾಗುತ್ತವೆ. ಆ ಪುಸ್ತಕ ಹಿಡಿದು ನಮ್ಮ ಹುಡುಗರು ಮೊದಲು ಹೋಗುವುದು ಎಲ್ಲಿಗೆ? ಎಂಎಲ್‌ಎ ಮನೆಗಲ್ಲ, ಕಾನ್ವೆಂಟಿನ ಮಾಲೀಕರ ಬಂಗಲೆಗಲ್ಲ. ಸರ್ಕಾರಿ ಶಾಲೆಗೆ! ಯಾಕೆಂದರೆ ಮೇಷ್ಟ್ರು ಇಲ್ಲ ಎನ್ನುವುದಿಲ್ಲ. ಮೆರವಣಿಗೆಗೆ ಮಕ್ಕಳು ಬೇಕೆ? ಸರ್ಕಾರಿ ಶಾಲೆಯಿಂದ. ಬಿಸಿಲಿನಲ್ಲಿ ಎರಡು ಗಂಟೆ ನಿಂತು ಅತಿಥಿಗಳಿಗೆ ಕಾಯಬೇಕೆ? ಅದೇ ಮಕ್ಕಳು. ವೇದಿಕೆಯ ಮೇಲೆ ಮೇಷ್ಟ್ರಿಗೊಂದು ಕುರ್ಚಿ ಕೂಡ ಇರುವುದಿಲ್ಲ. ಇವತ್ತೂ ಇಲ್ಲ, ನೋಡಿ, ಹಿಂದೆ ನಿಂತಿದ್ದಾರೆ.

ಕನ್ನಡ ಬೋರ್ಡಿಗಾಗಿ ಹೋರಾಡುತ್ತೇವೆ, ಬೇಕು. ಸರೋಜಿನಿ ಮಹಿಷಿ ವರದಿಯ ಜಾರಿಗಾಗಿ ಕೂಗುತ್ತೇವೆ, ಅದೂ ಬೇಕು. ಆದರೆ ಓದುವವರೇ ಇಲ್ಲದ ಮೇಲೆ ಬೋರ್ಡು ಯಾವ ಭಾಷೆಯಲ್ಲಿದ್ದರೇನು? ನಮ್ಮ ಕಸುಬಿನಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ. ನಮ್ಮ ತಂದೆಯವರ ಕಾಲದಲ್ಲಿ ಟ್ರೆಡಲ್ ಮೆಷಿನ್ನಿನ ಪಕ್ಕ ಮೊಳೆ ಜೋಡಿಸುತ್ತಿದ್ದವರು ಏಳನೆ ತರಗತಿ ಓದಿದ್ದವರು. ಮನೆಮಾತು ತೆಲುಗು. ಒಂದು ಮಹಾಪ್ರಾಣ ತಪ್ಪಿದರೂ ಕರಡಿನಲ್ಲಿ ಹಿಡಿದುಬಿಡುತ್ತಿದ್ದರು. ‘ನಮ್ಮ ಅಯ್ಯವಾರು ಹೊಡೆದು ಕಲಿಸಿದ್ದು’ ಎನ್ನುತ್ತಿದ್ದರು. ಹೊಡೆತ ಬೇಡ, ಆದರೆ ಆ ಅಯ್ಯವಾರಿಗೆ ಕಲಿಸಲು ಹೊತ್ತಿತ್ತು ಎಂಬುದನ್ನು ಗಮನಿಸಿ. ಇವತ್ತು ಗಣಕಯಂತ್ರದ ಮುಂದೆ ಕೂರುವ ಹುಡುಗರು ಪದವೀಧರರು. ಮದುವೆಯ ಲಗ್ನಪತ್ರಿಕೆಯಲ್ಲಿ ‘ಸುಖಾಗಮನ’ವನ್ನು ‘ಸುಕಾಗಮನ’ ಮಾಡಿ ಕೊಡುತ್ತಾರೆ. ಅವರು ದಡ್ಡರಲ್ಲ. ಅವರ ಬಾಲ್ಯದಲ್ಲಿ ಮೇಷ್ಟ್ರು ಬೇರೆ ಕೆಲಸದಲ್ಲಿದ್ದರು.

ಆದುದರಿಂದ ಕನ್ನಡ ಸಂಘಟನೆಗಳು ಈ ವರ್ಷ ಮಾಡಬೇಕಾದ ಕೆಲಸವನ್ನು ನಾನು ಪಟ್ಟಿ ಮಾಡಿಕೊಂಡು ಬಂದಿದ್ದೇನೆ.

ಒಂದು: ಪ್ರತಿ ಕ್ಲಸ್ಟರಿಗೆ ಕನಿಷ್ಠ ಒಬ್ಬ ಗುಮಾಸ್ತರನ್ನು ನೇಮಿಸಲಿ. ಆನ್‌ಲೈನ್ ತುಂಬುವುದು, ಆಧಾರ್ ತಿದ್ದಿಸುವುದು, ಬಿಸಿಯೂಟದ ಲೆಕ್ಕ ಎಲ್ಲ ಅವರ ಕೆಲಸವಾಗಲಿ.

ಎರಡು: ಸಮೀಕ್ಷೆ, ಮತದಾರರ ಪಟ್ಟಿ ಕೆಲಸಗಳನ್ನು ನಮ್ಮಲ್ಲಿ ಕೆಲಸವಿಲ್ಲದೆ ಕುಳಿತಿರುವ ಓದಿದ ಹುಡುಗ ಹುಡುಗಿಯರಿಗೆ ದಿನಗೂಲಿ ಕೊಟ್ಟು ಮಾಡಿಸಲಿ. ಕೆಲಸವೂ ಆಗುತ್ತದೆ, ಅವರಿಗೂ ನಾಲ್ಕು ಕಾಸು.

ಮೂರು: ಐದು ತರಗತಿ ಇರುವ ಶಾಲೆಗೆ ಮಕ್ಕಳೆಷ್ಟೇ ಇರಲಿ, ಮೂವರು ಮೇಷ್ಟ್ರುಗಳಿಗೆ ಕಡಿಮೆ ಇರಬಾರದು. ತಲೆ ಎಣಿಸಿ ಶಾಲೆ ಮುಚ್ಚುವುದು ನಿಲ್ಲಲಿ. ಅತಿಥಿ ಶಿಕ್ಷಕರನ್ನು ಶಾಲೆ ತೆರೆದ ದಿನವೇ ನೇಮಿಸಿ, ತಿಂಗಳಿಗೆ ಸರಿಯಾಗಿ ಸಂಭಾವನೆ ಕೊಡಲಿ.

ನಾಲ್ಕು: ಗಡಿಯ ಶಾಲೆಗಳಿಗೆ ಮೊದಲ ಆರು ತಿಂಗಳು ಮನೆಮಾತಿನಿಂದ ಕನ್ನಡಕ್ಕೆ ಕರೆತರುವ ಪುಸ್ತಕ ಬೇಕು. ಅದನ್ನು ಬೆಂಗಳೂರಿನಲ್ಲಿ ಕೂತು ಬರೆಯುವುದು ಬೇಡ, ಇಲ್ಲಿಯ ಮೇಷ್ಟ್ರುಗಳೇ ಬರೆಯಲಿ.

ಇವು ಸರ್ಕಾರ ಮಾಡಬೇಕಾದದ್ದು. ನಾವು ಮಾಡಬೇಕಾದದ್ದೂ ಇದೆ. ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ನಮ್ಮ ತಾಲ್ಲೂಕಿನ ಶಿಕ್ಷಕರನ್ನು ಕಳೆದ ವರ್ಷ ಎಷ್ಟು ದಿನ, ಯಾವ ಯಾವ ಕೆಲಸಕ್ಕೆ ನಿಯೋಜಿಸಿದ್ದಿರಿ ಎಂದು ಕೇಳಿ. ಬಂದ ಉತ್ತರವನ್ನು ಗೋಡೆಪತ್ರ ಮಾಡಿ ತಾಲ್ಲೂಕು ಕಚೇರಿಯ ಎದುರು ಅಂಟಿಸೋಣ. ಅಚ್ಚಿನ ಖರ್ಚು ನನ್ನದು. ಪ್ರತಿ ಸಂಘ ಒಂದು ಶಾಲೆಯನ್ನು ದತ್ತು ತೆಗೆದುಕೊಳ್ಳಲಿ. ದತ್ತು ಎಂದರೆ ಬ್ಯಾನರು ಕಟ್ಟಿ ಫೋಟೊ ತೆಗೆಸುವುದಲ್ಲ. ತಿಂಗಳಿಗೊಂದು ಸಲ ಹೋಗಿ, ‘ಮೇಷ್ಟ್ರೆ, ಈ ತಿಂಗಳು ಯಾವ ಕಾಗದ ಯಾವ ಕಚೇರಿಯಲ್ಲಿ ನಿಂತಿದೆ?’ ಎಂದು ಕೇಳುವುದು. ಅದನ್ನು ಹಿಡಿದು ನಾವು ಓಡಾಡೋಣ, ಅವರು ಪಾಠ ಮಾಡಲಿ. ಊರಿನ ಎಸ್‌ಡಿಎಂಸಿಯಲ್ಲಿ ಪಕ್ಷ ರಾಜಕೀಯ ಮಾಡುವವರನ್ನು ದೂರ ಇಡೋಣ. ಶಾಲೆಯ ತಂಟೆಗೆ ಬರುವ ಪುಡಾರಿಗೆ, ‘ಅವರ ಹಿಂದೆ ನಾವಿದ್ದೇವೆ’ ಎಂದು ಹೇಳೋಣ.

ಮೇಷ್ಟ್ರುಗಳಿಗೂ ಒಂದು ಮಾತು

ಮೇಷ್ಟ್ರುಗಳೆ, ನಿಮ್ಮ ಪರವಾಗಿ ಇಷ್ಟು ಮಾತಾಡಿದವನಿಗೆ ಒಂದು ಮಾತು ಹೇಳುವ ಸಲಿಗೆ ಕೊಡಿ. ನಿಮ್ಮಲ್ಲೂ ಶಾಲೆಗೆ ಸಹಿ ಹಾಕಿ ಸೈಟು ವ್ಯಾಪಾರಕ್ಕೆ ಹೋಗುವವರಿದ್ದಾರೆ, ಚೀಟಿ ನಡೆಸುವವರಿದ್ದಾರೆ. ಹತ್ತು ಜನರಲ್ಲಿ ಒಬ್ಬ ಹಾಗಿದ್ದರೂ ಊರಿನವರ ಬಾಯಲ್ಲಿ ಹತ್ತೂ ಜನ ಹಾಗೇ ಆಗುತ್ತಾರೆ. ಅಂಥವರನ್ನು ನಿಮ್ಮ ಸಂಘವೇ ಬಾಯಿಬಿಟ್ಟು ಖಂಡಿಸಲಿ, ಆಗ ನಿಮ್ಮ ನ್ಯಾಯವಾದ ದೂರಿಗೆ ಬೆಲೆ ಬರುತ್ತದೆ. ನಿಮ್ಮ ಸಂಘದ ಮನವಿಯಲ್ಲಿ ವೇತನ, ಪಿಂಚಣಿ, ವರ್ಗಾವಣೆ ಇರಲಿ, ಅವು ನಿಮ್ಮ ಹಕ್ಕು. ಅವುಗಳ ಮೇಲೆ ಮೊದಲನೆ ಸಾಲಿನಲ್ಲಿ ‘ನಮ್ಮನ್ನು ಪಾಠ ಮಾಡಲು ಬಿಡಿ’ ಎಂದು ಬರೆಯಿರಿ. ಆ ಒಂದು ಸಾಲಿಗೆ ಇಡೀ ಕನ್ನಡ ನಾಡು ಸಹಿ ಹಾಕುತ್ತದೆ.

ನಿಮ್ಮ ಮಕ್ಕಳು ಎಲ್ಲಿ ಓದುತ್ತಾರೆ ಎಂಬ ಪ್ರಶ್ನೆಯೂ ಇದೆ. ಅದು ನಿಮಗೊಬ್ಬರಿಗೇ ಅಲ್ಲ, ಈ ಸಭೆಯಲ್ಲಿ ಹಳದಿ ಕೆಂಪು ಶಾಲು ಹೊದ್ದು ಕುಳಿತ ಪ್ರತಿಯೊಬ್ಬರಿಗೂ ಇರುವ ಪ್ರಶ್ನೆ. ಕನ್ನಡ ಬಡವರ ಮಕ್ಕಳಿಗೆ ಮಾತ್ರ ಎಂದಾದರೆ ಅದು ಅಭಿಮಾನವಲ್ಲ, ಅವರಿಗೆ ಮಾಡುವ ದ್ರೋಹ.

ಬಂಧುಗಳೆ, ಬೇರಿಗೆ ನೀರೆರೆಯದೆ ಎಲೆಯ ಧೂಳು ಒರೆಸುವುದರಲ್ಲೇ ನಾವು ಎಷ್ಟೋ ನವೆಂಬರುಗಳನ್ನು ಕಳೆದೆವು. ಕನ್ನಡದ ಬೇರು ಇರುವುದು ಒಂದನೆ ತರಗತಿಯ ನೆಲದ ಮೇಲೆ, ಮೇಷ್ಟ್ರ ಬೆರಳು ಮತ್ತು ಮಗುವಿನ ಬೆರಳು ಕೂಡುವ ಸ್ಲೇಟಿನಲ್ಲಿ. ಆ ಬೆರಳನ್ನು ಬಿಡಿಸಿ ಬೇರೆ ಕೆಲಸಕ್ಕೆ ಹಚ್ಚುವ ಹಕ್ಕು ಯಾವ ಅಧಿಕಾರಿಗೂ ಇಲ್ಲ, ಯಾವ ಸರ್ಕಾರಕ್ಕೂ ಇಲ್ಲ. ಮೇಷ್ಟ್ರನ್ನು ತರಗತಿಗೆ ಬಿಟ್ಟುಕೊಡಿ ಎಂದು ನಾವೆಲ್ಲ ಒಂದೇ ಕೊರಳಿನಲ್ಲಿ ಕೇಳೋಣ. ಕೊಡದಿದ್ದರೆ ಬೀದಿಗಿಳಿದು ಪಡೆಯೋಣ.



ಸಿರಿಗನ್ನಡಂ ಗೆಲ್ಗೆ! ಜೈ ಕರ್ನಾಟಕ!